ಹಿಂದಿನ ಸೀಟು

ಅಪ್ಪನಿಗೆ,

ಎದುರು ನಿಂತು ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಾರಿನ ಇನ್ಶೂರೆನ್ಸ್ ಮಾಡಿಸಿ ಬಂದೆ.

"ಓಡಿಸೋಳು ನೀನೊಬ್ಳೇ ಅಂತ ಬರೆಸು, ಸಾಕು. ಆಮೇಲೆ ನಾನು ಓಡಿಸಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದು ಹೇಳಿಕೊಟ್ಟಿದ್ದಿರಿ.

ಏಜೆಂಟರು ಕೇಳಿಯೇ ಬಿಟ್ಟರು. "ಲೈಸೆನ್ಸ್ ಅಮಾನತಾಗಿದ್ರೂ ನಿಮ್ಮಪ್ಪ ಸ್ಟೇರಿಂಗ್ ಮುಟ್ತಾರೇನಮ್ಮಾ?"

"ಕೀ ಸಿಕ್ಕಿದ್ರೆ ಮುಟ್ತಾರೆ. ಕುಡಿದಿದ್ರೂ ಮುಟ್ತಾರೆ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಬಾಯಿ ಬಿಟ್ರೆ ಬಣ್ಣಗೇಡು ಅನ್ನೋದು ನಿನ್ನನ್ನ ನೋಡೇ ಇರ್ಬೇಕು. ಇಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಸ್ಕೂಲು ಬಿಟ್ಟವಳು ನಾನು. ಪಾಠ ತಲೆಗೆ ಹತ್ತಲಿಲ್ಲ, ಸುಳ್ಳೂ ಹತ್ತುವುದಿಲ್ಲ.

ಕಾರನ್ನು ಶೆಡ್ಡಿನಲ್ಲೇ ನಿಲ್ಲಿಸಿದರೆ ಕಳ್ಳತನಕ್ಕೂ ಬೆಂಕಿಗೂ ಮಾತ್ರ ವಿಮೆಯಂತೆ. ಇಲ್ಲವೇ ಓಡಿಸುವವಳು ನಾನು ಎಂದು ಬರೆಸಿ, ನೀವು ಓಡಿಸಿದರೆ ಬಿಡಿಗಾಸೂ ಸಿಗುವುದಿಲ್ಲ ಎಂದೂ ಬರೆಸಬೇಕಂತೆ. ಎರಡನೆಯದನ್ನೇ ಆರಿಸಿದೆ. ಕಾರು ಅಮ್ಮನ ಹೆಸರಿನಲ್ಲಿದೆಯಲ್ಲ, ಸಹಿ ಅವಳೇ ಹಾಕಿದಳು.

ಶೇವಿಂಗ್ ಡಬ್ಬಿಯಲ್ಲಿದ್ದ ಎರಡನೇ ಕೀ ನನ್ನ ಹತ್ತಿರವಿದೆ, ಹುಡುಕಬೇಡಿ.

ಸೋಮವಾರ ತಮ್ಮನ ಕಾಲಿನ ಪ್ಲಾಸ್ಟರ್ ಬಿಚ್ಚಿಸಬೇಕು. ನೀವು ಕಾರನ್ನು ಗೋಡೆಗೆ ಗುದ್ದಿಸಿದ ದಿನದಿಂದ ಅವನು ಮುಂದಿನ ಸೀಟಿನಲ್ಲಿ ಕೂರುವುದಿಲ್ಲ. ಹಿಂದೆ ಕೂತರೂ ಯಾರಾದರೂ ಅವನ ಕೈ ಹಿಡಿದುಕೊಂಡಿರಬೇಕು. ಅಮ್ಮನಿಗೆ ಅಂದು ರಜೆ ಇಲ್ಲ. ಕುಡಿಯದಿದ್ದರೆ ನೀವು ಬನ್ನಿ. ಕುಡಿದಿದ್ದರೆ ಕಾರಿನ ಹತ್ತಿರ ಬರಬೇಡಿ, ಅವನ ಕೈ ಹಿಡಿದು ಕೂರಲು ಪಕ್ಕದ ಮನೆಯ ಅಜ್ಜಿಗೆ ಹೇಳಿಟ್ಟಿದ್ದೇನೆ.

ಇಂತಿ,
ನಿಮ್ಮ ಮಗಳು