ಗಡೀಪಾರು ಅಂದರೆ ತಿರುಗಿ ಬರುವುದು

ಕುಬಿಹಾಳ
೧೧ ಫೆಬ್ರುವರಿ ೨೦೨೫

ಪ್ರೀತಿಯ ಪಪ್ಪಾ,

ಆರಾಮ ಇದ್ದೀರಾ? ಅಲ್ಲಿಯ ಜೈಲಿನಲ್ಲಿ ಮಗನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಹೊತ್ತಿಗೆ ಸರಿಯಾಗಿ ಕೊಡುತ್ತಾರೋ ಇಲ್ಲವೋ ಎಂದು ಆಯಿ ದಿನಾ ಕೇಳುತ್ತಾಳೆ. ನನಗೇನು ಗೊತ್ತು, ಕೊಡುತ್ತಾರೆ ಎನ್ನುತ್ತೇನೆ. ನಾಲ್ಕು ದಿನದ ರಜೆಗೆ ಹಾಸ್ಟೆಲಿನಿಂದ ಬಂದಿದ್ದೇನೆ. ನನ್ನ ಕನ್ನಡದ ತಪ್ಪುಗಳನ್ನು ತಿದ್ದಿಕೊಂಡು ಓದಿ, ಇಂಗ್ಲಿಷ್ ಶಾಲೆಗೆ ಹಾಕಿದವರು ನೀವೇ.

ಮೊನ್ನೆ ಟಿವಿಯಲ್ಲಿ ‘ಮೆಣಸಿನಕಾಯಿ ಗೋದಾಮಿಗೆ ಬೆಂಕಿ: ವಿದೇಶದಲ್ಲಿ ಸಿಕ್ಕ ಮಾಲೀಕ ಹನುಮೇಶನ ಗಡೀಪಾರು ಸಾಧ್ಯತೆ’ ಎಂದು ಬಂತು. ಆಯಿ ಎದೆ ಬಡಿದುಕೊಂಡಳು. ಅವಳಿಗೆ ಗೊತ್ತಿರುವ ಗಡೀಪಾರು ಎಂದರೆ ಪೊಲೀಸರು ರೌಡಿಗಳನ್ನು ಜಿಲ್ಲೆ ಬಿಟ್ಟು ಓಡಿಸುವುದು. “ಸಮುದ್ರ ದಾಟಿ ಹೋಗ್ಯಾನ, ಇನ್ನೂ ಎಲ್ಲಿಗೆ ಅಟ್ಟತಾರ ಬೇ ಅವನ್ನ?” “ಇದು ಎಕ್ಸ್‌ಟ್ರಡಿಷನ್ ಆಯಿ, ಹಿಡದು ಇಲ್ಲಿಗೇ ತರ್ತಾರ,” ಅಂದೆ. ಕಣ್ಣೊರೆಸಿಕೊಂಡು ಎದ್ದವಳೇ ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ನಿಮ್ಮ ಗಡೀಪಾರಿಗೆ ಆಯಿಯಷ್ಟು ಖುಷಿಪಟ್ಟವನು ಊರಲ್ಲಿ ಇನ್ನೊಬ್ಬನೇ, ಆ ಬೆಂಕಿಯಲ್ಲಿ ಸತ್ತ ಮೂವರಲ್ಲಿ ಒಬ್ಬಳಾದ ಮೈಲಾರವ್ವನ ಗಂಡ ಉಡಚಪ್ಪ.

ಮುತ್ತಜ್ಜ ಹುಬ್ಬಳ್ಳಿಯಲ್ಲಿ ಯಾರದೋ ತಲೆ ಒಡೆದು ಓಡಿಬಂದ ಕಥೆಯನ್ನು ನೀವು ಎಷ್ಟು ಚೆಂದ ಹೇಳುತ್ತಿದ್ದಿರಿ. ಆಗ ಹುಬ್ಬಳ್ಳಿ ಬ್ರಿಟಿಷರದು, ನಮ್ಮ ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಗಡಿಯ ಹಳ್ಳ ದಾಟಿ ನಿಂತು, ಬೆನ್ನು ಹತ್ತಿದ ಪೊಲೀಸರಿಗೆ “ಈಗ ಬರ್ರಿ ಸಾಹೇಬ್ರ, ಚಾ ಕುಡದು ಹೋಗೂಣು” ಅಂದನಂತೆ. ಹೋದ ವಾರ ಕಾನೂನು ಕ್ಲಾಸಿನಲ್ಲಿ ಸರ್ ಹೇಳಿದರು, ಸಂಸ್ಥಾನಗಳೂ ಓಡಿಬಂದವರನ್ನು ಹಿಡಿದು ಒಪ್ಪಿಸುತ್ತಿದ್ದವಂತೆ. ನಾನು ತಲೆ ಎತ್ತಲಿಲ್ಲ, ಯಾರಾದರೂ ನಿಮ್ಮ ಹೆಸರು ತೆಗೆದಾರೆಂದು. ಮನೆಗೆ ಬಂದು ಆಯಿಯನ್ನು ಕೇಳಿದರೆ, “ಹೌದಲ್ಲ, ಎಂಟ ದಿನಕ್ಕ ಕೈಗೆ ಹಗ್ಗಾ ಹಾಕಿ ಒಪ್ಪಿಸಿದ್ರಂತ. ನಿಮ್ಮಪ್ಪ ಅಷ್ಟ ಬಿಟ್ಟು ಹೇಳ್ತಾನ,” ಅಂದಳು.

ನಿನ್ನೆ ನಿಮ್ಮ ಗೆಳೆಯ ಸಿದ್ಧಲಿಂಗ ಕಾಕಾ ವಕೀಲರ ಕಾಗದ ತಂದಿದ್ದರು. ಬೆಂಕಿ ಬಿದ್ದ ದಿನ ನೀವು ಊರಲ್ಲೇ ಇರಲಿಲ್ಲ, ಧಾರವಾಡಕ್ಕೆ ನನ್ನ ಹಾಸ್ಟೆಲಿಗೆ ಬಂದಿದ್ದಿರಿ ಎಂದು ನಾನು ಸಹಿ ಮಾಡಿಕೊಟ್ಟರೆ ಅಲ್ಲಿಯ ಕೋರ್ಟು ನಿಮ್ಮನ್ನು ಕಳಿಸಲಿಕ್ಕಿಲ್ಲವಂತೆ. “ಒಂದ್ ಸಹಿ ಹಾಕವ್ವಾ,” ಅಂದರು. ನಾನು ಕಾಗದವನ್ನು ಮೊದಲಿನಿಂದ ಮತ್ತೊಮ್ಮೆ ಓದತೊಡಗಿದೆ. “ಕಾನೂನ ಓದೂದು ಅಪ್ಪನ್ನ ಒಳಗ ಹಾಕಸಾಕೇನ?” ಎಂದು ನಕ್ಕರು. ಆರು ವರ್ಷದ ಹಾಸ್ಟೆಲಿನಲ್ಲಿ ನೀವು ನನ್ನನ್ನು ನೋಡಲು ಬಂದದ್ದು ಎರಡು ಸಲ. ಎರಡೂ ದಿನಾಂಕ ನನಗೆ ಬಾಯಿಪಾಠ ಇವೆ. ಆ ದಿನ ಅವುಗಳಲ್ಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಆಯಿ ತನ್ನ ಆಶೀರ್ವಾದ ಬರೆ ಎಂದಳು, ಬರೆದಿದ್ದೇನೆ.

ನಿಮ್ಮ ಮಗಳು,
ಶಿವಾನಿ

ತಾ.ಕ.: ಕಾಗದಕ್ಕೆ ಸಹಿ ಮಾಡಿಲ್ಲ. ಆ ದಿನ ನಾನು ರಜೆಗೆ ಊರಿಗೆ ಬಂದಿದ್ದೆ, ಗೋದಾಮಿಗೆ ನಿಮ್ಮ ಬುತ್ತಿ ತಂದಿದ್ದೆ. ನೀವು ನನ್ನನ್ನು ನೋಡಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಉಡಿಯಲ್ಲಿ ನಾಲ್ಕು ಕಾಯಿ ಕಟ್ಟಿಕೊಂಡು ಹೋಗುತ್ತಾರೆಂದು ಬೈಯುತ್ತ, ಅವರು ಒಳಗಿರುವಾಗಲೇ ಹೊರಗಿನಿಂದ ಕೀಲಿ ಹಾಕಿ, ಕೀಲಿಕೈ ಕಿಸೆಗೆ ಇಳಿಸಿಕೊಂಡು ಗಾಡಿ ಹತ್ತಿದವರು ನೀವೇ. ಇಂದು ಮುಂಜಾನೆ ತನಿಖಾಧಿಕಾರಿಗೆ ಅಷ್ಟನ್ನೂ ಹೇಳಿ, ಅದಕ್ಕೆ ಸಹಿ ಮಾಡಿ ಬಂದೆ. ಆಯಿಗೆ ಇಷ್ಟೇ ಹೇಳಿದ್ದೇನೆ: ಪಪ್ಪಾ ಬರೂದು ಹತ್ತರ ಆತು.