ಅರ್ಧ ಲೀಟರ್ ನೀರು

ಆಸ್ಪತ್ರೆಯ ಲಾಂಡ್ರಿ, ಇಸ್ತ್ರಿ ಕೋಣೆ
ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ನನ್ನ ಹಡಗಿನ ಬಾಣಸಿಗರಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಎಲ್ಲರಿಗೂ ಬಡಿಸಿ ನೀವು ಮಾತ್ರ ನಿಂತುಕೊಂಡೇ ಉಣ್ಣುವ ಚಾಳಿ ಬಿಡಿ. ಫೋನಿನಲ್ಲಿ ಹೇಳಿದ ಹಾಗೆ ಗುರುವಾರ ನನ್ನ ಗರ್ಭಕೋಶದ ಗೆಡ್ಡೆ ತೆಗೆಯುತ್ತಾರೆ. ಈ ಕಾಗದ ನಿಮ್ಮ ಕೈಗೆ ಸಿಗುವಾಗ ಎಲ್ಲ ಮುಗಿದಿರುತ್ತದೆ.

ನೀವು ಹೊರಟಾಗ ನನ್ನ ರಕ್ತದ ಅಂಶ ಏಳಿತ್ತು, ಈಗ ಹನ್ನೊಂದು. ಗೆಡ್ಡೆ ಕುಗ್ಗಿಸಲು ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಆಯಿತು. ಮುಟ್ಟು ನಿಂತಿದೆ, ಗೆಡ್ಡೆಯೂ ಕುಗ್ಗಿದೆ. ಅದು ಚಿಕ್ಕದಾದಷ್ಟೂ ಕೊಯ್ಯುವಾಗ ಹೋಗುವ ರಕ್ತ ಕಡಿಮೆಯಂತೆ. ಆದರೆ ಆ ಇಂಜೆಕ್ಷನ್ನಿನಿಂದ ಹೊತ್ತುಗೊತ್ತಿಲ್ಲದೆ ಮೈ ಕಾದು ಬೆವರಿಳಿಯುತ್ತದೆ. ಮೊದಲ ಸಲ ಇಸ್ತ್ರಿ ಯಂತ್ರದ ಹಬೆ ಸೋರುತ್ತಿದೆ ಎಂದು ಮೆಕ್ಯಾನಿಕ್ಕನ್ನೇ ಕರೆಸಿಬಿಟ್ಟೆ. ನಮ್ಮ ಮೇಲ್ವಿಚಾರಕಿ ಬಿಡುತ್ತಾಳೆಯೇ? "ಗಂಡ ಸಮುದ್ರದಲ್ಲಿ, ಹೆಂಡ್ತಿ ಬೆವರಲ್ಲಿ, ಇಬ್ರೂ ಈಜಿ" ಅಂದಳು. ನಾನೂ ನಕ್ಕೆ.

ನನಗೆ ಭಯವಾಗಿದೆ. ಬೇರೆ ಯಾರ ಹತ್ತಿರವೂ ಹೇಳಿಲ್ಲ. ಎಷ್ಟು ರಕ್ತ ಹೋಗಬಹುದು ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ, "ಅಂದ್ಕೊಂಡ ಹಾಗೆ ಆದ್ರೆ ಅರ್ಧ ಲೀಟರ್ ಒಳಗೇ" ಅಂದರು. ಕೊಯ್ಯುವ ದಿನವೂ ರಕ್ತ ತಡೆಯುವ ಔಷಧಿ ಕೊಡುತ್ತಾರಂತೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಹನ್ನೆರಡು ವರ್ಷದಿಂದ ಈ ಆಸ್ಪತ್ರೆಯ ಬೆಡ್‌ಶೀಟ್ ಒಗೆಯುವವಳು, ಕಲೆ ನೋಡಿ ಅಳತೆ ಹೇಳಬಲ್ಲೆ ಎಂಬ ಜಂಬ ಬೇರೆ. ಇವತ್ತು ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಒಂದು ಬೆಡ್‌ಶೀಟ್ ಹಾಸಿ, ಅರ್ಧ ಲೀಟರ್ ನೀರು ಅಳೆದು ಸುರಿದೆ. ನೀರು ಹರಡುತ್ತಲೇ ಹೋಯಿತು, ಮಲಗಿದವರ ಸೊಂಟದಿಂದ ಮೊಣಕಾಲಿನ ತನಕ. ಕಡ್ಡಿಯನ್ನು ಗುಡ್ಡ ಮಾಡಬೇಡ ಎಂದು ನೀವು ಬೈಯುತ್ತೀರಿ. ಹಿಂಡಿ ಒಣಗಲು ಹಾಕಿದೆ. ಗುರುವಾರದ ನನ್ನ ಬೆಡ್‌ಶೀಟೂ ಇದೇ ಕೋಣೆಗೆ ಬರುತ್ತದಲ್ಲ.

ಅತ್ತೆ ನನ್ನ ಜೊತೆ ಇರುತ್ತಾರೆ, ಚಿಂತೆ ಬೇಡ. ಒಲೆಯ ಹತ್ತಿರ ಹುಷಾರು. ಜೊತೆಗಾರರಿಗೆಲ್ಲ ನಾನು ಕೇಳಿದೆ ಅನ್ನಿ.

ನಿಮ್ಮ
ಬಾಯಿಬಡುಕಿ

ತಾ.ಕ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಇದನ್ನು ಹೇಳಲೆಂದೇ ಕಾಗದ ಹಿಡಿದದ್ದು. ಒಪ್ಪಿಗೆ ಪತ್ರದಲ್ಲಿ ಒಂದು ಸಾಲಿತ್ತು: ರಕ್ತ ನಿಲ್ಲದಿದ್ದರೆ ಗರ್ಭಕೋಶವನ್ನೇ ತೆಗೆಯಬಹುದೇ ಎಂದು. ತೆಗೆಯಬಹುದು ಎಂದು ಸಹಿ ಹಾಕಿದ್ದೇನೆ. ಇನ್ನೂ ಹುಟ್ಟದ ಮಗುವಿಗೆ ನೀವು ಹೆಸರು ಕೂಡ ಹುಡುಕಿಟ್ಟಿದ್ದೀರಿ, ಗೊತ್ತು. ಮೊನ್ನೆ ಫೋನಿನಲ್ಲಿ ಎರಡು ನಿಮಿಷ ಸಿಕ್ಕಾಗ ಕೇಳಬಹುದಿತ್ತು. ಅಲ್ಲಿ ಗಾಳಿ ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ಎಲ್ಲಿ ನೀವು ಬೇಡ ಅಂದುಬಿಡುತ್ತೀರೋ ಎಂಬ ಭಯ, ಆ ಅರ್ಧ ಲೀಟರಿನ ಭಯಕ್ಕಿಂತ ದೊಡ್ಡದಾಗಿತ್ತು.