ಇಪ್ಪತ್ತೈದು ದಿನದ ಮೂಲಂಗಿ

ಹೊಲದ ಮನೆ,
ಹದಿನಾಲ್ಕನೇ ತಾರೀಕು, ಬುಧವಾರ

ನಮ್ಮನೆಯ ಅಳತೆಗೋಲಿಗೆ ಅಪ್ಪನ ಪ್ರೀತಿ.

ಹೇಗಿದ್ದೀಯಮ್ಮ? ಸರ್ವೆ ಕ್ಯಾಂಪಿನಲ್ಲಿ ಬಿಸಿಲು ಜೋರು ಅಂತ ಬರೆದಿದ್ದೆ. ಟೋಪಿ ಇಲ್ಲದೆ ಅಳತೆ ಸರಪಳಿ ಎಳೆದುಕೊಂಡು ಅಲೆಯಬೇಡ. ಕಾಲಿನ ಬೊಬ್ಬೆ ಒಣಗಿತಾ? ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತದೆ, ನಾನೂ ಜೊತೆ ಕೊಡುತ್ತೇನೆ. ಅಲ್ಲಿಗೆ ಫೋನ್ ಸಿಗುವುದಿಲ್ಲ, ಅದಕ್ಕೇ ಈ ಕಾಗದ.

ಹೂಕೋಸು ಕಿತ್ತಾಯಿತು. ಈರುಳ್ಳಿ ಇನ್ನೂ ಸಸಿಮಡಿಯಲ್ಲಿದೆ. ನಡುವೆ ನಲವತ್ತು ದಿನ ನೆಲ ಖಾಲಿ ಬಿದ್ದರೆ ನಿನ್ನ ಅಮ್ಮನಿಗೆ ತಡೆಯುವುದಿಲ್ಲ, ನಿನಗೆ ಗೊತ್ತಲ್ಲ. ಪ್ರತಿ ವರ್ಷ ಆ ಬಿಡುವಿನಲ್ಲಿ ಕೊತ್ತಂಬರಿ ಚೆಲ್ಲುತ್ತಿದ್ದಳು. ಈ ಸಲ ಮಾತ್ರ ಬೀಜದಂಗಡಿಯಲ್ಲಿ ಎಲ್ಲಕ್ಕಿಂತ ಬೇಗ ಬರುವುದು ಯಾವುದೋ ಅದನ್ನು ತನ್ನಿ ಅಂದಳು. ಇಪ್ಪತ್ತೈದು ದಿನದ ಮೂಲಂಗಿ ತಂದುಕೊಟ್ಟೆ. ಮೂಲಂಗಿ ವಾಸನೆಗೇ ಮೂಗು ಮುರಿಯುವವಳಿಗೆ ಇದೇನು ಹೊಸ ಪ್ರೀತಿ ಅಂತ ರೇಗಿಸಿದೆ. "ಕೊತ್ತಂಬರಿ ಬರೋವರೆಗೂ ನನಗೆ ಕಾಯೋಕಾಗಲ್ಲ ರೀ" ಅಂದಳು. ಆಮೇಲೆ ಬೀಜ ಆರಿಸತೊಡಗಿದಳು.

ಇನ್ನು ಮುಚ್ಚಿಡುವುದಿಲ್ಲಮ್ಮ. ಅವಳ ಹೊಟ್ಟೆಯ ಗಡ್ಡೆ ಹರಡಿದೆ. ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು ಡಾಕ್ಟರಮ್ಮ. ಕ್ಯಾಂಪ್ ಮುಗಿಯುವವರೆಗೆ ನಿನಗೆ ತಿಳಿಸಕೂಡದು ಅಂತ ಅವಳ ಕಟ್ಟಪ್ಪಣೆ. ಅವಳ ಮಾತು ಕೇಳಿ ಬಾಯಿಗೆ ಬೀಗ ಹಾಕಿಕೊಂಡೆ. ತಪ್ಪು ಮಾಡಿದೆ.

ಬದುವಿನ ಮೇಲೆ ಕುಳಿತು, ಜರುಗುತ್ತ ಜರುಗುತ್ತ ನಾಲ್ಕು ಸಾಲು ಅವಳೇ ಬಿತ್ತಿದಳು. ಆಮೇಲೆ ನಾನೊಂದು ಕಳ್ಳತನಕ್ಕೆ ಇಳಿದೆ. ಅವಳು ಮಧ್ಯಾಹ್ನ ಮಲಗಿದಾಗ, ಮೂರು ದಿನಕ್ಕೊಮ್ಮೆ, ಪಕ್ಕದಲ್ಲಿ ಇನ್ನೊಂದೊಂದು ಸಾಲು ಬಿತ್ತುತ್ತ ಬಂದೆ. ಯಾವಾಗಲೂ ಕೀಳುವುದು ಬಾಕಿ ಇರಬೇಕು, ಬೆಳೆ ಮುಗಿಯಲೇಬಾರದು. ಹೀಗೇ ಬಿತ್ತುತ್ತ ಹೋದರೆ ಈರುಳ್ಳಿ ನಾಟಿಯ ಹದ ತಪ್ಪುತ್ತದೆ ಅಂತ ಗೊತ್ತು. ಮೂವತ್ತು ವರ್ಷ ಬೇಸಾಯ ಮಾಡಿದವನು ಮೂಲಂಗಿಗೆ ಜೋತುಬಿದ್ದಿದ್ದೇನೆ, ನಗು ಬೇಕಾದರೆ. ನನಗೆ ಭಯವಾಗುತ್ತಿದೆ ಮಗಳೇ.

ಕ್ಯಾಂಪಿನ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ,
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಸಿಕ್ಕಿಬಿದ್ದೆ. ಕಿಟಕಿಯಿಂದ ನೋಡಿಬಿಟ್ಟಿದ್ದಾಳೆ. ನಾಲ್ಕು ಸಾಲು ಗೇಣುದ್ದ, ಉಳಿದವು ಒಂದಕ್ಕಿಂತ ಒಂದು ಗಿಡ್ಡ. ಬಯ್ಯಲಿಲ್ಲ. "ಮೂಲಂಗಿ ಕಿತ್ತ ಕಡೆ ಈರುಳ್ಳಿ ಊರಿ ರೀ, ಹದ ತಪ್ಪಿಸಬೇಡಿ" ಅಂದಳು. ಆಮೇಲೆ, "ಅವಳಿಗೇ ತಾನೇ ಬರೀತಿರೋದು? ಬರೋಕೆ ಹೇಳಿ. ನಿಮ್ಮ ಸಾಲಿಗೆ ಬೇಡ, ನನ್ನ ಸಾಲು ಕೀಳೋಕೆ ಬರಲಿ" ಅಂದಳು. ಅವಳ ಸಾಲಿಗೆ ಇಪ್ಪತ್ತೈದು ದಿನ ತುಂಬುವುದು ಮುಂದಿನ ವಾರ ಶುಕ್ರವಾರ, ಇಪ್ಪತ್ಮೂರಕ್ಕೆ. ಈ ಕಾಗದ ನಿನಗೆ ತಲುಪುವುದಕ್ಕೇ ನಾಲ್ಕು ದಿನ ಬೇಕು. ಕೈಗೆ ಸಿಕ್ಕ ದಿನವೇ ಹೊರಡು.